ಉಡಿ ತುಂಬಿ ಶಿಬಿರಕ್ಕೆ

ಚೂಡಿದಾರಕ್ಕೆ ಉಡಿ ಇಲ್ಲದಿದ್ದುದೇ ಎಲ್ಲಕ್ಕೂ ಕಾರಣವಾಯಿತು.

ಮಲ್ಲೇಶ್ವರಿ ಯಲಬುರ್ಗಾದಿಂದ ಗಂಗಾವತಿಗೆ ಹೊರಡುವ ದಿನ ಬೆಳಿಗ್ಗೆ ಅವಳ ಅಜ್ಜಿ ಕಳಕಮ್ಮ ಅಕ್ಕಿಯ ಡಬ್ಬಿ ಇಳಿಸಿಕೊಂಡು ಬಂದು ನಡುಮನೆಯಲ್ಲಿ ಕುಳಿತಳು. ಪಕ್ಕದಲ್ಲಿ ಒಣಕೊಬ್ಬರಿಯ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಷಿಣದ ಬೇರು, ರವಿಕೆಯ ಒಂದು ಹೊಸ ಖಣ.

"ಹೆಣ್ಣ ಕೂಸು ಮನಿ ಬಿಟ್ಟು ಹೊಂಟೈತಿ. ಖಾಲಿ ಉಡಿಲೇ ಹೊಸ್ತಿಲಾ ದಾಟಸಬಾರ್ದು."

"ಅತ್ತಿ, ಆಕಿ ಗಂಡನ ಮನಿಗೆ ಹೊಂಟಿಲ್ರಿ. ಕಲಿಯಾಕ ಹೊಂಟಾಳ," ಎಂದಳು ಸೊಸೆ, ಮಲ್ಲೇಶ್ವರಿಯ ತಾಯಿ ಶಿವಲೀಲಾ.

"ಸಾಲಿಗೆ ಹೋದಾಕಿ ಸಂಜಿಮುಂದ ಮನಿಗೆ ಬರ್ತಾಳ. ಇಕಿ ಮೂರ ವಾರ ಬ್ಯಾರೆ ಕಡೆ ಉಂಡು ಮಲಗಾಕಿ. ಅದಕ್ಕೇನಂತಾರ?"

ಕಳಕಮ್ಮ ಕಂಡ ಲೋಕದಲ್ಲಿ ಹೆಣ್ಣುಮಕ್ಕಳು ಮನೆ ಬಿಟ್ಟು ಬೇರೆ ಕಡೆ ಉಳಿಯಲು ಹೋಗುವುದಕ್ಕೆ ಇದ್ದದ್ದು ಒಂದೇ ದಾರಿ. ಆ ದಾರಿಗೆ ಇದ್ದದ್ದು ಒಂದೇ ಪದ್ಧತಿ.

"ಅಜ್ಜಿ, ಚೂಡಿದಾರಕ್ಕ ಉಡಿ ಎಲ್ಲೈತಿ? ದುಪಟ್ಟಾದಾಗ ಸುರವ್ತಿ ಏನು?" ಎಂದು ಮಲ್ಲೇಶ್ವರಿ ನಕ್ಕಳು.

"ಅದಕ್ಕ ಸೀರಿ ಉಟ್ಕೋ ಅನ್ನಾಕತ್ತೀನಿ. ನಿಮ್ಮವ್ವನ ಇಳಕಲ್ಲ ಸೀರಿ ಐತಲ್ಲ."

ಹುಡುಗಿಗೆ ಅದು ಆಟವಾಗಿ ಕಂಡಿತು. ಕೆಂಪು ಇಳಕಲ್ ಸೀರೆ ಉಟ್ಟಳು. ಸೀರೆಗೆ ಹೊಂದಬೇಕೆಂದು ಅಜ್ಜಿ ಹಸಿರು ಬಳೆ ಇಡಿಸಿದಳು, ಮುಡಿಗೆ ಮಲ್ಲಿಗೆ ಮುಡಿಸಿದಳು. ಓಣಿಯ ಐದು ಮಂದಿ ಮುತ್ತೈದೆಯರನ್ನು ಕರೆಸಿ, ಸೆರಗಿನ ಮಡಿಲಿಗೆ ಅಕ್ಕಿ ಕೊಬ್ಬರಿ ಹಾಕಿಸಿ ಉಡಿ ತುಂಬಿಸಿದಳು. ಮಲ್ಲೇಶ್ವರಿ ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ಹೊಸ್ತಿಲು ದಾಟುವಾಗ ಅವಳ ಕಾಕಾ ಪ್ರಭುರಾಜ ಫೋಟೊ ಹೊಡೆದು ಸ್ಟೇಟಸ್ಸಿಗೆ ಹಾಕಿದ. ಏನು ಬರೆಯಬೇಕೆಂದು ತಿಳಿಯದೆ ಬರೀ ಕೈಮುಗಿದ ಚಿತ್ರವನ್ನೂ ಹೂವುಗಳನ್ನೂ ಹಾಕಿದ. ಬಾಡಿಗೆಯ ಕ್ರೂಸರ್ ಓಣಿಯ ತಿರುವಿನಲ್ಲಿ ನಿಧಾನ ಮಾಡಿದಾಗ ಅಂಗನವಾಡಿಯ ದುರ್ಗಾದೇವಿ ಬಾಗಿಲಿಗೆ ಬಂದು ನಿಂತಿದ್ದಳು.

"ಎಲ್ಲಿಗ್ರಿ ಅಮ್ಮಾರ, ಹುಡುಗಿ?"

"ಗಂಗಾವತಿಗೆ," ಎಂದು ಗಾಡಿಯ ಹಿಂದೆ ನಡೆದು ಬಂದಿದ್ದ ಕಳಕಮ್ಮ ಹೆಮ್ಮೆಯಿಂದ ಹೇಳುವಷ್ಟರಲ್ಲಿ ಗಾಡಿ ಮುಂದೆ ಹೋಗಿತ್ತು.

ಇದೆಲ್ಲ ನೋಡುವವರಿಗೆ ಹೇಗೆ ಕಾಣುತ್ತದೆಂದು ಶಿವಲೀಲಾಳಿಗೆ ಆಗ ಹೊಳೆಯಲಿಲ್ಲ. ಅವಳ ತಲೆಯಲ್ಲಿ ಇದ್ದದ್ದು ಕಾಲೇಜಿನ ಸೀಟು.

ಗಂಗಾವತಿಯ ಒಂದು ಪದವಿಪೂರ್ವ ಕಾಲೇಜಿನವರು ಹತ್ತನೆಯ ತರಗತಿಯ ಪರೀಕ್ಷೆ ಬರೆದ ಮಕ್ಕಳಿಗಾಗಿ ಬೇಸಿಗೆಯಲ್ಲಿ ಶಿಬಿರ ನಡೆಸುತ್ತಿದ್ದರು. ಹಾಸ್ಟೆಲಿನಲ್ಲೇ ಉಳಿದು ಕಾಲೇಜಿನ ಪಾಠದ ರುಚಿ ನೋಡಬೇಕು, ಪ್ರಯೋಗ ಮಾಡಬೇಕು, ಕೊನೆಗೆ ಪರೀಕ್ಷೆ ಬರೆಯಬೇಕು. ಮೇಲೆ ಬಂದವರಿಗೆ ಅಲ್ಲಿಯೇ ವಿಜ್ಞಾನದ ಸೀಟು. ನಡುವೆ ಯಾವ ಕಾರಣಕ್ಕೆ ಹೊರಗೆ ಹೋದರೂ ಮತ್ತೆ ಸೇರಿಸಿಕೊಳ್ಳುವುದಿಲ್ಲವೆಂಬುದು ಅವರ ಕಟ್ಟುನಿಟ್ಟು. ಬೇಸಿಗೆಯೆಂದರೆ ಮದುವೆಗಳ ಕಾಲ. ಕಾಕಾನ ಲಗ್ನ, ಅತ್ತೆಯ ಮಗಳ ಲಗ್ನವೆಂದು ಕರೆದುಕೊಂಡು ಹೋದ ಮಕ್ಕಳು ತಿರುಗಿ ಬಾರದ್ದನ್ನು ಕಂಡು ಕಂಡು ಮಾಡಿದ ನಿಯಮ ಅದು.

ಇತ್ತ ಮನೆಯಲ್ಲಿ ಇನ್ನೊಂದು ಕಟ್ಟು ಇತ್ತು. ಕುಷ್ಟಗಿಯ ಒಂದು ಮನೆತನದವರು ಮಲ್ಲೇಶ್ವರಿಯನ್ನು ಕೇಳಿದ್ದರು. ಶಿವಲೀಲಾಳ ಗಂಡ ಸಿದ್ದಲಿಂಗೇಶ ಬೀಜ ಗೊಬ್ಬರದ ಅಂಗಡಿಯವನು, ಯಾವುದನ್ನೂ ಪೂರಾ ಬೇಡವೆನ್ನದವನು. "ಸೀಟು ಸಿಕ್ಕರ ಓದ್ಲಿ. ಸಿಗಲಿಲ್ಲಂದ್ರ ಅವರಿಗೆ ಮಾತು ಕೊಟ್ಟುಬಿಡೂಣು. ಲಗ್ನ ಬೇಕಾದ್ರ ಹದಿನೆಂಟು ತುಂಬಿದ ಮ್ಯಾಲೆ ಆಗ್ಲಿ," ಎಂದಿದ್ದ. ಶಿವಲೀಲಾ "ಹೂಂ" ಎಂದಿದ್ದಳು. ಹೆದರಿ ಅಂದದ್ದಲ್ಲ. ಮನೆಗೆ ಹೊಂದಿಕೊಂಡು ಅವಳದೊಂದು ಹಿಟ್ಟಿನ ಗಿರಣಿ ಇತ್ತು. ಕಲ್ಲು ಕಾಳನ್ನು ಹಿಡಿದಿದೆಯೋ ಸುಮ್ಮನೆ ತಿರುಗುತ್ತಿದೆಯೋ ಎಂಬುದು ಒಳಮನೆಯಲ್ಲಿ ಕುಳಿತರೂ ಸದ್ದಿನಿಂದ ಅವಳಿಗೆ ಗೊತ್ತಾಗುತ್ತಿತ್ತು. ಮಗಳ ಓದು ಹಿಡಿದಿದೆ ಎಂಬುದೂ ಹಾಗೆಯೇ ಗೊತ್ತಿತ್ತು. ಸೀಟು ಸಿಗುತ್ತದೆ, ಹುಡುಗಿ ಅಲ್ಲಿ ಉಳಿದರೆ ಸಾಕು.

ಮೊದಲ ಸುಳಿವು ಎರಡು ದಿನದ ಮೇಲೆ ಗಿರಣಿಯಲ್ಲಿಯೇ ಸಿಕ್ಕಿತು. ಜೋಳ ಬೀಸಿಸಲು ಬಂದ ದುರಗಮ್ಮ ಡಬ್ಬಿ ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟಳು.

"ಹಂಗಾದ್ರ ನಮಗೊಂದು ತುತ್ತು ಊಟನೂ ಇಲ್ಲೇನವಾ ಶಿವಲೀಲಾ?"

"ಯಾವ ಊಟರಿ?"

"ನಾನ ನಿಂತು ಉಡಿ ತುಂಬೀನಿ, ನನ್ನ ಮುಂದ ಯಾಕ ಮುಚ್ತೀ? ಗಂಗಾವತಿ ಅಂದ್ರ ನೀರಾವರಿ ಹೊಲ ಇದ್ದವ್ರಿರಬೇಕು. ಹೊಟ್ಟಿ ತುಂಬ ಅನ್ನ."

"ಶಿಬಿರಕ್ಕ ಹೋಗ್ಯಾಳ್ರೀ ಯಕ್ಕಾ. ಕಾಲೇಜಿನ ಶಿಬಿರ."

"ಹೂಂ. ಶಿಬಿರ," ಎಂದು ದುರಗಮ್ಮ ಪಕ್ಕದವಳ ಕಡೆ ನೋಡಿದಳು. ಇಬ್ಬರೂ ನಕ್ಕರು. "ನಮ್ಮ ಭಾವನ ಮಗಳೂ ಹಿಂಗ ಟೈಲರಿಂಗ್ ಕಲಿಯಾಕ ಹೋಗಿದ್ಲು. ಕೂಸು ಎತ್ಕೊಂಡು ಬಂದ್ಲು."

ಶಿವಲೀಲಾ ತಾನೂ ನಕ್ಕು ಬೆಲ್ಟು ಹಾಕಿದಳು. ಗಿರಣಿ ಶುರುವಾದ ಮೇಲೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಆದರೆ ಹಿಟ್ಟಿನ ಬಿಸಿಗೆ ಕೈ ಒಡ್ಡಿದಾಗ ಆ ನಗು ಮತ್ತೆ ನೆನಪಾಯಿತು. ಉಡಿ ತುಂಬಿಸಿಕೊಂಡು, ಹಸಿರು ಬಳೆ ತೊಟ್ಟು, ಗಾಡಿ ಹತ್ತಿದ ಹುಡುಗಿ ಎಲ್ಲಿಗೆ ಹೋದಳೆಂದು ಈ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬಿಡಿಸಿ ಹೇಳಿದರೆ ನಂಬುವುದೂ ಇಲ್ಲ.

ಮರುದಿನ ಹತ್ತು ಗಂಟೆಯ ಹೊತ್ತಿಗೆ ಮನೆಯ ಮುಂದೆ ಜೀಪು ನಿಂತಿತು. ಇಳಿದವರು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಮೇಲ್ವಿಚಾರಕಿ ಫಕೀರಮ್ಮ ಮತ್ತು ಒಬ್ಬ ಮಹಿಳಾ ಪೇದೆ. ಮಕ್ಕಳ ಸಹಾಯವಾಣಿಗೆ ಕರೆ ಬಂದಿದೆ, ಹದಿನಾರರ ಹುಡುಗಿಗೆ ಗುಟ್ಟಾಗಿ ಲಗ್ನ ಮಾಡಿ ಗಂಗಾವತಿಗೆ ಕಳಿಸಿದ್ದೀರೆಂದು ದೂರು ಇದೆ ಎಂದು ಫಕೀರಮ್ಮ ತಗ್ಗಿದ ದನಿಯಲ್ಲಿಯೇ ಹೇಳಿದಳು. ಮೊಬೈಲಿನಲ್ಲಿ ಪ್ರಭುರಾಜನ ಸ್ಟೇಟಸ್ ಫೋಟೊ ತೋರಿಸಿದಳು. ಕೆಂಪು ಸೀರೆ, ತಗ್ಗಿದ ತಲೆ, ತುಂಬಿದ ಉಡಿ, ಸುತ್ತ ಹೂವು.

ಕಳಕಮ್ಮ ಇಣುಕಿ ನೋಡಿ, "ಛಲೋ ಬಂದೈತಲ್ಲ," ಎಂದಳು.

ಅಂಗಡಿಯಿಂದ ಓಡಿ ಬಂದ ಸಿದ್ದಲಿಂಗೇಶನ ಮುಖದಲ್ಲಿ ರಕ್ತವಿರಲಿಲ್ಲ. ಓಣಿಯ ಎರಡೂ ತುದಿಯಲ್ಲಿ ಮಂದಿ ನೆರೆದಿದ್ದರು. ಶಿಬಿರದ ವಿಷಯ ಅವನು ಎರಡು ಸಲ ಹೇಳಿದ. ಎರಡು ಸಲವೂ ಅದು ಸುಳ್ಳಿನ ಹಾಗೆ ಕೇಳಿಸಿತು.

"ಎಲ್ಲಾರೂ ಹಂಗ ಅಂತಾರ್ರಿ ಸಾಹುಕಾರ್ರ," ಎಂದಳು ಫಕೀರಮ್ಮ. "ಅತ್ತಿ ಮನಿಗೆ ಹೋಗ್ಯಾಳ, ಹಾಸ್ಟೆಲಿಗೆ ಹೋಗ್ಯಾಳ. ನಾಳೆ ಹುಡುಗೀನ ಕೊಪ್ಪಳಕ್ಕ ಮಕ್ಕಳ ಕಲ್ಯಾಣ ಸಮಿತಿ ಮುಂದ ಕರ್ಕೊಂಡು ಬರ್ರಿ. ಮಾತು ಮುಗೀತು."

"ಆತ್ರಿ, ಕರ್ಕೊಂಡು ಬರ್ತೀವಿ," ಎಂದ ಸಿದ್ದಲಿಂಗೇಶ. ಜೀಪು ಅಲ್ಲಿಂದ ಹೋದರೆ ಸಾಕಾಗಿತ್ತು ಅವನಿಗೆ.

"ಬರಂಗಿಲ್ಲ," ಎಂದಳು ಶಿವಲೀಲಾ.

ಎಲ್ಲರೂ ಅವಳ ಕಡೆ ತಿರುಗಿದರು. ಅವಳ ರೆಪ್ಪೆಗಳ ಮೇಲೆ ಇನ್ನೂ ಜೋಳದ ಹಿಟ್ಟು ಇತ್ತು. ಅವಳು ದನಿ ಏರಿಸಲಿಲ್ಲ. "ಶಿಬಿರದಿಂದ ಹೊರಗ ಬಂದ್ರ ಆಕೀನ ಮತ್ತ ಒಳಗ ತಗೊಳ್ಳಂಗಿಲ್ರಿ. ಆಕಿ ಬರೂದು ಬ್ಯಾಡ. ನೀವ ಬರ್ರಿ ನಮ್ಮ ಜೋಡಿ, ಈಗ. ಜೀಪು ಐತಲ್ಲ."

ಜೀಪು ಕುಕನೂರು ದಾಟಿತು. ಮುಂದೆ ಪೇದೆಯ ಪಕ್ಕ ಸಿದ್ದಲಿಂಗೇಶ ಕಿಟಕಿಗೆ ಮುಖ ಮಾಡಿ ಕುಳಿತಿದ್ದ. ಹಿಂದೆ ಫಕೀರಮ್ಮನ ಎದುರಿಗೆ ಶಿವಲೀಲಾ. ಉತ್ತ ಕಪ್ಪು ಹೊಲಗಳು ಬಿಸಿಲಿಗೆ ಬಾಯಿ ತೆರೆದಿದ್ದವು.

ಅವಳಿಗೆ ಸಿಟ್ಟು ಬರಬೇಕಾಗಿತ್ತು. ಬೆಳಗಿನಿಂದ ಅದಕ್ಕಾಗಿ ಕಾಯುತ್ತಿದ್ದಳು. ಬಂದದ್ದು ಬೇರೆ.

ತನ್ನ ಉಡಿ ತುಂಬಿದಾಗ ತನಗೂ ಹದಿನಾರು. ಹತ್ತನೆಯ ತರಗತಿಯ ಪರೀಕ್ಷೆ ಬರೆದು ಮನೆಗೆ ಬಂದಿದ್ದಳಷ್ಟೆ. ಬೇಸಿಗೆ ಮುಗಿಯುವುದರೊಳಗೆ ಲಗ್ನ. ಫಸ್ಟ್ ಕ್ಲಾಸಿನಲ್ಲಿ ಪಾಸಾದ ಸುದ್ದಿ ತವರಿನಿಂದ ಬರುವ ಹೊತ್ತಿಗೆ ಅವಳು ಇದೇ ಕಳಕಮ್ಮನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಸುದ್ದಿ ತಂದವನಿಗೆ ಸಕ್ಕರೆ ಕೊಟ್ಟು, ಮುಂದಿನ ರೊಟ್ಟಿ ಹಂಚಿನ ಮೇಲೆ ಹಾಕಿದ್ದಳು. ಅದನ್ನು ಅವಳು ಎಂದೂ ದುಃಖವೆಂದು ಎಣಿಸಿರಲಿಲ್ಲ. ಎಲ್ಲರಿಗೂ ಆದದ್ದು ತನಗೂ ಆಯಿತು. ಗಂಡ ಕೆಟ್ಟವನಲ್ಲ. ಅತ್ತೆ ಬಾಯಿ ಬಿರುಸು, ಮನಸ್ಸು ಮೆತ್ತಗೆ.

ಆದರೆ ಈಗ ಈ ಸರಕಾರಿ ಜೀಪಿನಲ್ಲಿ ಕುಳಿತು ನೆನೆದರೆ, ಅಂದು ಓಣಿಯ ಎರಡೂ ಬದಿಯಲ್ಲಿ ನಿಂತು ನೋಡಿದವರೆಲ್ಲ ಕಣ್ಣ ಮುಂದೆ ಬಂದರು. ಗಣಿತದ ಮಾಸ್ತರರೂ ಬಂದು ಅಕ್ಕಿಕಾಳು ಹಾಕಿದ್ದರು. "ಶ್ಯಾಣ್ಯಾ ಹುಡುಗಿ," ಎಂದು ಅಪ್ಪನ ಮುಂದೆ ಹೊಗಳಿ, ಊಟ ಮಾಡಿ ಹೋಗಿದ್ದರು. ಕಿರಾಣಿ ಅಂಗಡಿಯ ಮುಂದೆ ಒಂದು ರೂಪಾಯಿ ಹಾಕುವ ಫೋನಿನ ಪೆಟ್ಟಿಗೆಯೂ ಇತ್ತು. ಯಾರೂ ಅದನ್ನು ಎತ್ತಲಿಲ್ಲ. ಎತ್ತಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಈ ಸಲ ಯಾರಿಗೋ ಹೊಳೆದಿದೆ. ತಪ್ಪಾಗಿ ಹೊಳೆದಿದೆ, ಆದರೂ ಹೊಳೆದಿದೆ. ಹುಡುಗಿಯೊಬ್ಬಳು ತಲೆ ತಗ್ಗಿಸಿ ಗಾಡಿ ಹತ್ತಿದ್ದನ್ನು ಕಂಡು ಯಾರೋ ಒಬ್ಬರಿಗೆ ಅನ್ನ ಇಳಿದಿಲ್ಲ.

"ಫೋನ್ ಮಾಡಿದವ್ರು ಯಾರಂತ ನೀವು ಹೇಳಂಗಿಲ್ಲಲ್ರಿ?" ಎಂದು ಕೇಳಿದಳು.

"ಹೇಳಂಗಿಲ್ಲ," ಎಂದಳು ಫಕೀರಮ್ಮ. "ಜಗಳಾ ತಗೀಬೇಕಂತೀರೇನು?"

"ಇಲ್ರಿ," ಎಂದಳು ಶಿವಲೀಲಾ.

ಗಿಣಿಗೇರಾದ ಹೊಗೆಕೊಳವೆಗಳು ಹಿಂದೆ ಸರಿದು, ಗಂಗಾವತಿಯ ಕಾಲುವೆಗಳು ಬಂದವು. ಕಾಲೇಜಿನ ಗೇಟಿನಲ್ಲಿ ಜೀಪು ಕಂಡು ಕಾವಲುಗಾರ ಎದ್ದು ನಿಂತ. ಶಿಬಿರ ನಡೆಸುವ ಭೌತಶಾಸ್ತ್ರದ ಉಪನ್ಯಾಸಕಿ ಶಹನಾಜಬೇಗಂ ಎಲ್ಲವನ್ನೂ ಕೇಳಿಕೊಂಡು, ಗೋಡೆಯ ಗಡಿಯಾರ ನೋಡಿದರು.

"ತರಗತಿ ನಡದೈತ್ರಿ. ಗಂಟಿ ಹೊಡಿಯೂತನಾ ಯಾರನ್ನೂ ಎಬ್ಬಸಂಗಿಲ್ಲ."

"ಮೇಡಂ, ಇದು ಸರಕಾರಿ ಕೆಲಸ," ಎಂದಳು ಪೇದೆ.

"ಒಳಗ ನಡದದ್ದೂ ಕೆಲಸ ಐತ್ರಿ ಯವ್ವಾ. ಕುಂದರ್ರಿ, ಚಾ ತರಸ್ತೀನಿ."

ವರಾಂಡದ ಬೆಂಚಿನಿಂದ ತರಗತಿಯ ಒಳಗು ಅರೆಬರೆ ಕಾಣುತ್ತಿತ್ತು. ಮೇಷ್ಟ್ರು ದಾರಕ್ಕೆ ಕಟ್ಟಿದ ಗುಂಡೊಂದನ್ನು ತೂಗಿ ಬಿಟ್ಟಿದ್ದರು. ಮಕ್ಕಳು ಒಟ್ಟಾಗಿ ಎಣಿಸುತ್ತಿದ್ದರು. ನಡುವೆಯೇ ಒಂದು ದನಿ ಎದ್ದಿತು.

"ಸರ್, ಬಿಟ್ಟ ಕೂಡಲೇ ಒಂದು ಅಂದ್ರ ತಪ್ಪಾಕ್ಕೈತ್ರಿ. ಆವಾಗ ಇನ್ನೂ ಒಂದೂ ತೂಗಾಟ ಆಗಿರಂಗಿಲ್ಲ. ಸೊನ್ನಿಯಿಂದ ಎಣಸಬೇಕ್ರಿ."

ಸಿದ್ದಲಿಂಗೇಶ ಚಹಾದ ಕಪ್ಪನ್ನು ಕೆಳಗಿಟ್ಟ. ಆ ದನಿ ಅವನಿಗೆ ಗೊತ್ತಿತ್ತು. ಅದರಲ್ಲಿನ ಗಟ್ಟಿತನ ಗೊತ್ತಿರಲಿಲ್ಲ. ಮನೆಯಲ್ಲಿ ಮಲ್ಲೇಶ್ವರಿ ಅಪ್ಪನ ಎದುರು ಮಾತಾಡುವಾಗ ಕೊನೆಯ ಶಬ್ದಗಳನ್ನು ನುಂಗುತ್ತಿದ್ದಳು. ಮೇಷ್ಟ್ರು ನಕ್ಕು, ಗುಂಡನ್ನು ಹಿಡಿದು ನಿಲ್ಲಿಸಿ, ಮತ್ತೆ ಬಿಟ್ಟರು. ಈ ಸಲ ಇಡೀ ತರಗತಿ ಸೊನ್ನೆಯಿಂದ ಎಣಿಸಿತು.

ಗಂಟೆ ಹೊಡೆದ ಮೇಲೆ ಫಕೀರಮ್ಮ ಹುಡುಗಿಯನ್ನು ಒಬ್ಬಳನ್ನೇ ಪ್ರಯೋಗಾಲಯದ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಚ್ಚಿದಳು. ತಾಯಿಯನ್ನು ಹೊರಗೇ ಇರಿಸಿದ್ದು ಶಿವಲೀಲಾಳಿಗೆ ಹಿಡಿಸಿತು. ಕೇಳುವುದಾದರೆ ಹಾಗೇ ಕೇಳಬೇಕು. ಬಾಗಿಲು ತೆರೆದಾಗ ಫಕೀರಮ್ಮ ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

"ಉಡಿ ಅಕ್ಕಿ ಏನ್ ಮಾಡಿದಿ ಅಂತ ಕೇಳಿದೆ. ಮೆಸ್ಸಿಗೆ ಕೊಟ್ಟಾಳಂತ. ಕೊಬ್ಬರಿ ಉತ್ತತ್ತಿ ರೂಮಿನ ಹುಡುಗ್ಯಾರು ತಿಂದು ಮುಗಿಸ್ಯಾರ. ಖಣ ಅಂದ್ರ, ಅಕಾ ನೋಡ್ರಿ ಅಲ್ಲಿ."

ಪ್ರಯೋಗಾಲಯದ ಕಿಟಕಿಗೆ ನಾಲ್ಕು ಮೊಳೆ ಹೊಡೆದು ಖಣವನ್ನು ಬಿಗಿದಿದ್ದರು. ಬೆಳಕಿನ ಪ್ರಯೋಗಕ್ಕೆ ಕತ್ತಲೆ ಬೇಕಾಗಿತ್ತು, ದಪ್ಪ ಬಟ್ಟೆ ಯಾರ ಬಳಿಯೂ ಇರಲಿಲ್ಲವೆಂದು ಮಲ್ಲೇಶ್ವರಿ ವಿವರಿಸಿದಳು. ಖಣದ ನಡುವೆ ಒಂದು ಸಣ್ಣ ತೂತು. ಅದರಿಂದ ಬಿಸಿಲು ಕಡ್ಡಿಯಂತೆ ಒಳಗೆ ಬಿದ್ದಿತ್ತು.

"ಅಜ್ಜಿ ಮುಂದ ಹೇಳಬ್ಯಾಡವ್ವಾ," ಎಂದು ಪಿಸುಗುಟ್ಟಿದಳು.

"ನನಗೇನೋ ನಂಬಿಕಿ ಬಂತ್ರಿ," ಎಂದಳು ಫಕೀರಮ್ಮ ಕುರ್ಚಿ ಎಳೆದುಕೊಂಡು. "ಆದ್ರ ದೂರು ಬಂದ ಮ್ಯಾಲೆ ಸಮಿತಿಯವರು ಹುಡುಗಿ ಮುಖ ನೋಡಬೇಕು. ಒಂದು ದಿನದ ಮಟ್ಟಿಗೆ ಕೊಪ್ಪಳಕ್ಕ ಕಳಸ್ರಿ."

"ಹೋಗಬಹುದು. ಮತ್ತ ಬರಂಗಿಲ್ಲ," ಎಂದರು ಶಹನಾಜಬೇಗಂ. "ಹೋದ ವರ್ಷ ಒಬ್ಬ ಹುಡುಗ ಅಕ್ಕನ ಲಗ್ನಕ್ಕ ಹೋದಾಂವ ಅತ್ಕೊಂತ ಬಂದು ಗೇಟಿನ್ಯಾಗ ನಿಂತಿದ್ದ. ಅವನ್ನ ಕಳಿಸೀನಿ. ಇವರಿಗೆ ಬ್ಯಾರೆ ನ್ಯಾಯ ಹೆಂಗ ಮಾಡ್ಲಿ?"

ಮಲ್ಲೇಶ್ವರಿಯ ಮುಖದಲ್ಲಿದ್ದ ನಗು ಆರಿತು. ಅವಳು ಅಪ್ಪನ ಕಡೆ ನೋಡಲಿಲ್ಲ, ಅವ್ವನ ಕಡೆ ನೋಡಿದಳು.

"ಸಮಿತಿಯವರಿಗೆ ಮುಖ ತಾನ ಬೇಕು?" ಎಂದಳು ಶಿವಲೀಲಾ. "ನಮ್ಮ ಗಿರಣಿ ಮೋಟಾರು ಕೆಟ್ಟರ ಮೇಸ್ತ್ರಿ ಹುಬ್ಬಳ್ಳ್ಯಾಗ ಕುಂತು ವಿಡಿಯೋದಾಗ ನೋಡಿ ಹೇಳ್ತಾನ್ರಿ. ಇಕಿ ಮೋಟಾರಿಗಿಂತ ಛಲೋ ಕಾಣ್ತಾಳ. ಹಚ್ಚಿ ಕೊಡ್ರಿ ಫೋನು. ಏನ್ ಕೇಳ್ತಾರ ಕೇಳ್ಲಿ, ನಾವು ಹೊರಗ ಇರ್ತೀವಿ. ಶಿಬಿರ ಮುಗಿದ ದಿನ ನಾನ ಆಕೀನ ಕೊಪ್ಪಳಕ್ಕ ಕರ್ಕೊಂಡು ಬರ್ತೀನಿ."

ಫಕೀರಮ್ಮ ಮೇಲಿನವರಿಗೆ ಫೋನು ಮಾಡಿದಳು. ಅತ್ತ ಇತ್ತ ಓಡಾಡಿ, ಹೂಂಗುಟ್ಟಿ, ಕೊನೆಗೆ ತಿರುಗಿ ಬಂದಳು. ವಿಡಿಯೋದಲ್ಲಿ ನೋಡುತ್ತಾರೆ. ತಂದೆತಾಯಿ ಇಬ್ಬರೂ, ಹದಿನೆಂಟು ತುಂಬುವ ಮೊದಲು ಲಗ್ನ ಮಾಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕು.

ಮುಚ್ಚಳಿಕೆ ಎಂಬ ಮಾತಿಗೆ ಸಿದ್ದಲಿಂಗೇಶ ಕುಗ್ಗಿದ. ಕಳ್ಳರು ಪೊಲೀಸರ ಮುಂದೆ ಬರೆದುಕೊಡುವಂಥದು ಅದು ಅವನ ಪಾಲಿಗೆ. ಶಿವಲೀಲಾ ಮಾತ್ರ ಪೆನ್ನು ಕೈಗೆ ತೆಗೆದುಕೊಂಡವಳು, ಸಹಿ ಹಾಕದೆ ಕೇಳಿದಳು.

"ಹದಿನೆಂಟಂತ ಯಾಕ ನಿಲ್ಲಸ್ತೀರಿ? ಡಿಗ್ರಿ ಮುಗಿಯೂತನಾ ಅಂತ ಬರೀರಿ. ಮಾತು ಕೊಡೂದೂ ಇಲ್ಲ, ನೋಡಾಕ ಬರೂದೂ ಇಲ್ಲ. ಸೀಟು ಸಿಕ್ಕರೂ ಅಷ್ಟ, ಇಲ್ಲಿ ಸಿಗದಿದ್ರ ಬ್ಯಾರೆ ಕಾಲೇಜಿನ್ಯಾಗ ಓದ್ತಾಳ."

"ಅದು ಕಾಯ್ದೆದಾಗ ಇಲ್ಲಲ್ಲ," ಎಂದ ಸಿದ್ದಲಿಂಗೇಶ.

"ಕಾಯ್ದೆದಾಗ ಇಲ್ಲ," ಎಂದಳು ಫಕೀರಮ್ಮ. "ತಾವಾಗೇ ಹೇಳಿದ್ರು ಅಂತ ಬರ್ಕೋಬಹುದು. ಆದ್ರ ಇಬ್ಬರದ್ದೂ ಒಪ್ಪಿಗಿ ಬೇಕ್ರಿ ಸಾಹುಕಾರ್ರ."

ಶಿವಲೀಲಾ ಗಂಡನನ್ನು ಒತ್ತಾಯ ಮಾಡಲಿಲ್ಲ. ಮಂದಿಯ ಮುಂದೆ ಅವನ ಮಾತು ಮುರಿಯುವುದು ಅವಳ ರೀತಿಯಲ್ಲ. "ನೀವು ಕೇಳಿದ್ರಿಲ್ಲೋ," ಎಂದಳಷ್ಟೆ, "ಆಕಿ ಎಣಿಸಿದ್ದು."

ಅವನು ಬಹಳ ಹೊತ್ತು ಕಿಟಕಿಯ ಖಣವನ್ನು, ಅದರ ತೂತಿನಿಂದ ಇಳಿದ ಬೆಳಕನ್ನು ನೋಡಿದ. ಕೊನೆಗೆ, "ಬರೀರಿ," ಎಂದ. ಸಹಿ ಹಾಕುವಾಗ ಅಂಗಡಿಯ ರಸೀದಿಗೆ ಹಾಕುವ ಗೀಚು ಬಿಟ್ಟು, ಪೂರಾ ಹೆಸರು ಬರೆದ.

ಸಮಿತಿಯವರು ವಿಡಿಯೋದಲ್ಲಿ ಹುಡುಗಿಯನ್ನು ಮಾತಾಡಿಸಿ ಒಪ್ಪಿದರು. ಜೀಪು ಕೊಪ್ಪಳದ ಕಚೇರಿಗೆ ಹೋಗುವುದಿತ್ತು. ಅಲ್ಲಿಂದ ಯಲಬುರ್ಗಾಕ್ಕೆ ಗಂಡಹೆಂಡತಿ ಬಸ್ಸು ಹಿಡಿದರು. ದಾರಿಯಲ್ಲಿ ಸಿದ್ದಲಿಂಗೇಶನ ಫೋನು ಬಡಿದುಕೊಂಡಿತು. ಹೆಸರು ನೋಡಿ ಅವನು ಅದನ್ನು ಬಿಸಿ ಹಂಚಿನಂತೆ ಹೆಂಡತಿಯ ಕೈಗೆ ದಾಟಿಸಿದ. ಕುಷ್ಟಗಿಯ ಗವಿಸಿದ್ದಪ್ಪ. ಅವರಿಗೂ ಸ್ಟೇಟಸ್ ಮುಟ್ಟಿತ್ತು.

"ಏನ್ರಿ ತಂಗಿ, ನಾವು ಕೇಳಿದ ಹುಡುಗೀನ ಗಂಗಾವತಿಗೆ ಕೊಟ್ಟು ಕುಂತೀರಂತ?"

"ಇಲ್ರೀ ಅಣ್ಣಾರ, ಗಂಗಾವತಿಗೂ ಕೊಟ್ಟಿಲ್ಲ," ಎಂದಳು ಶಿವಲೀಲಾ ಬಸ್ಸಿನ ಸದ್ದಿಗೆ ದನಿ ಏರಿಸಿ. "ನಿಮಗೂ ಕೊಡೂದಿಲ್ರಿ, ತಪ್ಪು ತಿಳೀಬ್ಯಾಡ್ರಿ. ಆಕಿ ಓದ್ತಾಳ. ಸರಕಾರಕ್ಕ ಬರ್ದು ಕೊಟ್ಟು ಬರಾಕತ್ತೀವಿ."

ಮುಂದಿನ ಸೀಟಿನವರು ತಿರುಗಿ ನೋಡಿದರು. ಸಿದ್ದಲಿಂಗೇಶ ಟಿಕೆಟನ್ನು ಸಣ್ಣಗೆ ಮಡಚುತ್ತಾ, "ಸರಕಾರಕ್ಕಂತ," ಎಂದ ತನ್ನಷ್ಟಕ್ಕೆ. ತುಟಿಯ ತುದಿಯಲ್ಲಿ ನಗು ಇತ್ತು.

ಮನೆಯಲ್ಲಿ ಕಳಕಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಖಣದ ಮಾತು ಬಿಟ್ಟು ಉಳಿದದ್ದನ್ನೆಲ್ಲ ಶಿವಲೀಲಾ ಹೇಳಿದಳು.

"ಉಡಿ ಅಕ್ಕಿ ಮಂದಿಗೆ ಉಣಿಸ್ಯಾಳ? ಅದನ್ನ ಮನಿಯವ್ರಷ್ಟ ಉಣಬೇಕು," ಎಂದು ಮುದುಕಿ ಗದರಿದಳು. ಎಲೆಗೆ ಸುಣ್ಣ ಹಚ್ಚಿದಳು. "ಎಷ್ಟು ಹುಡುಗ್ಯಾರದಾರ ಅಲ್ಲೆ?"

"ಐವತ್ತರ ಮ್ಯಾಲೆ ಅದಾರ್ರಿ."

"ಹಂಗಾದ್ರ ಎಲ್ಲಿ ಸಾಲಬೇಕು ಆ ಚೂರು ಅಕ್ಕಿ. ಕಾಲೇಜಿಗೆ ಹೋಗೂಮುಂದ ದೊಡ್ಡ ಚೀಲ ಕಳಸೂಣು." ಆಮೇಲೆ ಮತ್ತೆ ಸಿಟ್ಟು ಬಂತು. "ಆ ಫೋನ್ ಮಾಡಿದಾಕಿ ಕೈಯಾಗ ಸಿಗ್ಲಿ ನನಗ."

"ಮಾಡಿದಾಕಿ ಅಂತ ಹೆಂಗ ಗೊತ್ತಾತ್ರಿ? ಗಂಡಸ್ರೂ ಮಾಡಿರಬಹುದು."

"ಗಂಡಸ್ರು ಎಂದು ನೋಡ್ಯಾರವಾ ಇಂಥಾದ್ನ," ಎಂದಳು ಕಳಕಮ್ಮ.

ಮರುದಿನ ಬೆಳಿಗ್ಗೆ ಗಿರಣಿ ತೆರೆಯುವ ಮೊದಲು ಶಿವಲೀಲಾ ಓಣಿಯ ತಿರುವಿನವರೆಗೆ ನಡೆದಳು. ಅಂಗನವಾಡಿಯ ಬಾಗಿಲಲ್ಲಿ ದುರ್ಗಾದೇವಿ ಕಸ ಗುಡಿಸುತ್ತಿದ್ದವಳು, ಅವಳು ಬರುವುದನ್ನು ಕಂಡು ನೆಟ್ಟಗೆ ನಿಂತಳು. ಕಸಬರಿಗೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಈ ಓಣಿಯಲ್ಲಿ ದೊಡ್ಡ ಮನೆಗಳ ವಿರುದ್ಧ ಮಾತೆತ್ತಿದರೆ ನಾಳೆಯಿಂದ ಅಂಗನವಾಡಿಗೆ ಯಾರ ಮಕ್ಕಳು ಬರುತ್ತಾರೆಂಬ ಲೆಕ್ಕ ಅವಳ ಮುಖದಲ್ಲಿತ್ತು.

"ಹುಡುಗಿ ಅರಾಮ ಅದಾಳ್ರೀ ಅಕ್ಕಾರ?" ಎಂದಳು.

"ಅರಾಮ ಅದಾಳ. ಕಾಲೇಜಿನ್ಯಾಗ ಅದಾಳ, ಕಣ್ಣಿಲೇ ನೋಡಿ ಬಂದೆ."

ದುರ್ಗಾದೇವಿಯ ಹೆಗಲು ಇಳಿದದ್ದು ಕಾಣಿಸಿತು. ಏನೋ ಹೇಳಲು ಬಾಯಿ ತೆರೆದಳು. ಶಿವಲೀಲಾ ತಡೆದಳು.

"ನಾನೇನೂ ಕೇಳಾಕ ಬಂದಿಲ್ಲ ದುರ್ಗಾದೇವಿ. ಒಂದು ಮಾತು ಹೇಳಿ ಹೋಗಾಕ ಬಂದೆ." ಮಾತು ಹುಡುಕಲು ಅವಳಿಗೆ ಹೊತ್ತು ಬೇಕಾಗಲಿಲ್ಲ, ಜೀಪಿನಲ್ಲಿಯೇ ಸಿಕ್ಕಿತ್ತು. "ಮುಂದನೂ ಹಿಂಗ ನಮ್ಮ ಮನಿ ಮ್ಯಾಲೆ ಒಂದು ಕಣ್ಣಿಟ್ಟಿರ್ರಿ. ಎಲ್ಲಾರ ಮನಿ ಮ್ಯಾಲೂ ಇಡ್ರಿ."

ದುರ್ಗಾದೇವಿ ತಲೆಯಾಡಿಸಿದಳು. ಗಿರಣಿಯ ಮುಂದೆ ಆಗಲೇ ದುರಗಮ್ಮ ಡಬ್ಬಿ ಇಟ್ಟುಕೊಂಡು ನಿಂತು, ಇವರಿಬ್ಬರ ಕಡೆ ಕತ್ತು ಚಾಚಿದ್ದಳು.

"ಬಂದೆ ತಡೀರೀ ಯಕ್ಕಾ," ಎಂದು ಕೂಗಿ ಶಿವಲೀಲಾ ಹೆಜ್ಜೆ ಹಾಕಿದಳು. "ಇವತ್ತ ನಿಮಗ ಎಲ್ಲಾ ಬಿಡಿಸಿ ಹೇಳ್ತೀನಿ. ಹೇಳಿ ಮುಗಿಯೂತನಾ ಬೆಲ್ಟ್ ಹಾಕಂಗಿಲ್ಲ."